ಬೋರ್ಡಿಲ್ಲದೆ ಗಣಿತ ಹೇಳಬೇಕಾದಾಗ

ಗಣಿತ ಕಲಿಕೆಯ ಬಗ್ಗೆ ನಡೆಯುವ ಒಂದು ಕನ್ನಡ ಪಾಡ್‌ಕಾಸ್ಟ್‌ಗೆ ಈಚೆಗೆ ನನ್ನನ್ನು ಅತಿಥಿಯಾಗಿ ಕರೆದಿದ್ದರು. ನಾನು ವಿಜಯಪುರ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಸಂಚಿಕೆ ಬಂದ ಮೇಲೆ ಹಲವು ಶಿಕ್ಷಕ ಗೆಳೆಯರು "ಸರ್, ಹೆಂಗ ತಯಾರಿ ಮಾಡ್ಕೊಂಡ್ರಿ? ನಮ್ಮನ್ನೂ ಕರದಾರ" ಅಂತ ಕೇಳಿದರು. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಇಲ್ಲೇ ಬರೆಯುತ್ತಿದ್ದೇನೆ.

ಅಭಿಪ್ರಾಯಗಳಿಗೆ ತಯಾರಿ ಬೇಕಿಲ್ಲ, ಅವು ಕೇಳಿದ ಕೂಡಲೇ ಬಾಯಿಗೆ ಬರುತ್ತವೆ. ತಯಾರಿ ಬೇಕಾಗುವುದು ಉದಾಹರಣೆಗಳಿಗೆ. ಅದೂ ಬರೀ ಕಿವಿಯಿಂದ ಕೇಳಿದವರಿಗೆ ತಲೆಯಲ್ಲಿ ಚಿತ್ರ ಮೂಡುವ ಹಾಗೆ ಹೇಳಬಲ್ಲ ಉದಾಹರಣೆಗಳಿಗೆ. ಕ್ಲಾಸಿನಲ್ಲಿ ಅರ್ಧ ಮಾತು ನಾವು ಆಡುತ್ತೇವೆ, ಉಳಿದರ್ಧ ಬೋರ್ಡು ಆಡುತ್ತದೆ. "ಇಲ್ಲಿ ನೋಡ್ರಿ, ಇದನ್ನ ಈ ಕಡೆ ತಂದ್ರ ಏನಾತು?" ಅನ್ನುವಾಗ ನಮ್ಮ ಬೆರಳು ಎಲ್ಲಿದೆ ಅನ್ನುವುದರಲ್ಲೇ ಪಾಠ ಇರುತ್ತದೆ. ಮೈಕಿನ ಮುಂದೆ ಬೆರಳು ಯಾರಿಗೂ ಕಾಣುವುದಿಲ್ಲ.

ಒಪ್ಪಿಕೊಂಡ ಮೇಲೆ ಮೊದಲು ಮಾಡಿದ ಕೆಲಸ ಹಳೆಯ ಸಂಚಿಕೆಗಳನ್ನು ಕೇಳಿದ್ದು. ಶಾಲೆಗೆ ಹೋಗಿ ಬರುವಾಗ ಬಸ್ಸಿನಲ್ಲಿ, ಕಿಟಕಿ ಪಕ್ಕದ ಗದ್ದಲದಲ್ಲೇ ಕೇಳಿದೆ. ಅದು ಬೇಕೆಂದೇ, ಯಾಕೆಂದರೆ ಕೇಳುಗರೂ ಹಾಗೇ ಕೇಳುತ್ತಾರೆ: ಬಸ್ಸಿನಲ್ಲಿ, ಅಡುಗೆ ಮಾಡುತ್ತಾ, ಬಟ್ಟೆ ಒಗೆಯುತ್ತಾ. ಅವರ ಕೈಯಲ್ಲಿ ಪೆನ್ನು ಹಾಳೆ ಇರುವುದಿಲ್ಲ. "ಮಕ್ಕಳಿಗೆ ಗಣಿತ ಅಂದರೆ ಭಯ, ಪರಿಕಲ್ಪನೆ ಗಟ್ಟಿಯಾಗಬೇಕು, ಚಟುವಟಿಕೆ ಆಧಾರಿತ ಕಲಿಕೆ ಬೇಕು" ಅನ್ನುವ ಮಾತು ಹೆಚ್ಚುಕಡಿಮೆ ಎಲ್ಲ ಸಂಚಿಕೆಯಲ್ಲೂ ಇತ್ತು. ಎಲ್ಲವೂ ಸರಿಯಾದ ಮಾತೇ. ಆದರೆ ಬಸ್ಸಿಳಿದ ಮೇಲೂ ನೆನಪಿನಲ್ಲಿ ಉಳಿದದ್ದು, ಒಂದು ಮಗು ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಿ ಐದನೇ ಎರಡು ಭಾಗ ಅಂತ ಬರೆದು, ಬಂದ ಉತ್ತರ ಅರ್ಧಕ್ಕಿಂತ ಕಡಿಮೆ ಆಯಿತಲ್ಲ ಅಂತ ತಾನೇ ತಲೆ ಕೆರೆದುಕೊಂಡಿದ್ದನ್ನು ಒಬ್ಬ ಶಿಕ್ಷಕಿ ಹೇಳಿದ ಮಾತು. ಹಾಗಾಗಿ ನನ್ನ ನೋಟ್‌ಬುಕ್ಕಿನಲ್ಲಿ ಅಭಿಪ್ರಾಯಗಳನ್ನು ಬರೆಯದೆ, ನನ್ನ ಕ್ಲಾಸಿನ ಮಕ್ಕಳು ಆಡಿದ ಮಾತುಗಳನ್ನು ಅವರು ಆಡಿದ ಹಾಗೇ ಬರೆಯುತ್ತಾ ಹೋದೆ.

ನಿರೂಪಕಿ ಮೇಡಂ ಕಳಿಸಿದ ಪ್ರಶ್ನೆಗಳಲ್ಲಿ ದಶಮಾಂಶದ್ದೇ ದೊಡ್ಡ ಭಾಗ ಇತ್ತು. ನಿಮಗೆ ಗೊತ್ತಿರುವುದೇ, 0.5 ದೊಡ್ಡದೋ 0.25 ದೊಡ್ಡದೋ ಅಂತ ಕೇಳಿದರೆ ಎಂಟನೇ ತರಗತಿಯಲ್ಲೂ ಬಹಳ ಕೈಗಳು 0.25ರ ಕಡೆಗೇ ಏಳುತ್ತವೆ. "ಇಪ್ಪತ್ತೈದು ದೊಡ್ಡದಲ್ರೀ ಸರ್?" ಇದು ದಡ್ಡತನ ಅಲ್ಲವೇ ಅಲ್ಲ. ಪೂರ್ಣಸಂಖ್ಯೆಗಳಲ್ಲಿ ವರ್ಷಗಟ್ಟಲೆ ಕೈಹಿಡಿದ ನಿಯಮವನ್ನೇ ಮಗು ಇಲ್ಲಿಗೂ ತಂದಿದೆ. ಜತೆಗೆ ಕ್ರಿಕೆಟ್ ಬೇರೆ. ಓವರ್ ಲೆಕ್ಕದಲ್ಲಿ 12.5 ಆದ ಮೇಲೆ ಇನ್ನೊಂದು ಬಾಲ್ ಹಾಕಿದರೆ 13. ಚುಕ್ಕೆ ಆದ ಮೇಲೆ ಆರು ಅನ್ನುವುದೇ ಬರುವುದಿಲ್ಲ. ಹನ್ನೆರಡೂವರೆ ಓವರ್ ಅಂದರೆ 12.3. ದಿನಾ ಸಂಜೆ ಸ್ಕೋರ್ ನೋಡುವ ಹುಡುಗನಿಗೆ ಚುಕ್ಕೆಯ ಅರ್ಥ ಅಲ್ಲೇ ಮೊದಲು ಸಿಕ್ಕಿರುತ್ತದೆ, ಪುಸ್ತಕದಲ್ಲಿ ಸಿಗುವುದು ಆಮೇಲೆ. ಅದನ್ನು ಕ್ಲಾಸಿನಲ್ಲಿ ಬಾಯಿಬಿಟ್ಟು ಮಾತಾಡದಿದ್ದರೆ ಎರಡೂ ಅವನ ತಲೆಯಲ್ಲಿ ಒಟ್ಟಿಗೇ ಕೂತಿರುತ್ತವೆ.

ನಮ್ಮ ಕಾಲದವರು ಕೂಡಲೇ ಪೈಸೆಯ ಉದಾಹರಣೆಗೆ ಕೈ ಹಾಕುತ್ತೇವೆ. ಅರ್ಧ ರೂಪಾಯಿ, ಕಾಲು ರೂಪಾಯಿ. ಆದರೆ 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೇ ನಿಂತಿತು. 50 ಪೈಸೆ ಲೆಕ್ಕಕ್ಕೆ ಇದೆ, ಸಂತೆಯಲ್ಲಿ ಯಾರೂ ಮುಟ್ಟುವುದಿಲ್ಲ. ನಮಗೆ ಕಣ್ಣಿಗೆ ಕಟ್ಟಿದ ಹಾಗಿರುವ ಪೈಸೆಯನ್ನು ಇವತ್ತಿನ ಮಗು ಕೈಯಲ್ಲಿ ಹಿಡಿದೇ ಇಲ್ಲ. ಪಾಡ್‌ಕಾಸ್ಟ್‌ನಲ್ಲಿ ಪೈಸೆಯ ಉದಾಹರಣೆ ಕೊಟ್ಟಿದ್ದರೆ ಕೇಳಿದ ದೊಡ್ಡವರು ತಲೆಯಾಡಿಸುತ್ತಿದ್ದರು, ನಾಳೆ ಅವರು ಅದನ್ನೇ ಕ್ಲಾಸಿಗೆ ಒಯ್ದರೆ ಮಕ್ಕಳು ಸುಮ್ನೆ ನೋಡುತ್ತಿದ್ದರು. ಅದಕ್ಕೇ ಬಿಟ್ಟೆ.

ನಾನು ಆರಿಸಿಕೊಂಡದ್ದು ಹಾಲಿನ ಡೇರಿ. ನಮ್ಮ ಶಾಲೆಗೆ ಬರುವ ಬಹಳ ಮಕ್ಕಳ ಮನೆಯಲ್ಲಿ ಎಮ್ಮೆ ಇದೆ, ಬೆಳಿಗ್ಗೆ ಡೇರಿಗೆ ಹಾಲು ಹಾಕಿಯೇ ಶಾಲೆಗೆ ಬರುತ್ತಾರೆ. ಮಷಿನ್‌ನಲ್ಲಿ ಹಾಲಿನ ಫ್ಯಾಟ್, ಅಂದರೆ ಕೊಬ್ಬಿನಂಶ, 6.4 ಬಂದರೆ ರೇಟ್ ಎಷ್ಟು, 6.5 ಬಂದರೆ ಎಷ್ಟು, ಅದು ಅವರಿಗೆ ಪಾಠ ಮಾಡಿ ಹೇಳಬೇಕಾಗಿಲ್ಲ. ಒಂದು ದಿನ ಕ್ಲಾಸಿನಲ್ಲಿ ಕೇಳಿದೆ: "6.4ಕ್ಕೂ 6.5ಕ್ಕೂ ನಡುವಿನ ಫ್ಯಾಟ್ ಇರೋ ಹಾಲು ಇರ್ತೈತೇನು?" ಒಂದಷ್ಟು ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಬೆಂಚಿನ ಹುಡುಗಿ ಎದ್ದು "ಇರ್ತೈತ್ರೀ ಸರ್, ಆದ್ರ ಮಷಿನ್‌ನ್ಯಾಗ ಅದಕ್ಕ ಜಾಗಾ ಇಲ್ರೀ" ಅಂದಳು. ಎಷ್ಟು ದೊಡ್ಡ ಮಾತು ನೋಡಿ! ಎರಡು ದಶಮಾಂಶಗಳ ನಡುವೆ ಯಾವಾಗಲೂ ಇನ್ನೊಂದು ಇದೆ, ನಾವು ಎಷ್ಟು ಸ್ಥಾನ ಬರೆಯುತ್ತೇವೆ ಅನ್ನುವುದು ಅಳೆಯುವ ಸಾಧನದ ಮಿತಿ, ಇದೆಲ್ಲ ಆ ಒಂದು ಸಾಲಿನಲ್ಲಿದೆ. ಅಲ್ಲಿಂದ 6.45 ತಾನಾಗಿ ಬಂತು. "ಹಂಗಾದ್ರ 6.45 ಜಾಸ್ತಿನೋ 6.5 ಜಾಸ್ತಿನೋ?" ಅಂದಾಗ 45 ದೊಡ್ಡದು ಅಂತ ಒಬ್ಬರೂ ಹೇಳಲಿಲ್ಲ, ಯಾಕೆಂದರೆ ಈಗ ತಾನೇ ಅದನ್ನು ಅವರೇ ನಡುವೆ ಇಟ್ಟಿದ್ದರು. ಕೊನೆಗೆ ಒಂದು ಸೊನ್ನೆ ಸೇರಿಸಿ ಹೋಲಿಸಿ ಅನ್ನುವ ಉಪಾಯವನ್ನು ನಾವು ಬೇಗ ಹೇಳಿಕೊಡುತ್ತೇವೆ, ಉತ್ತರವೂ ಸರಿ ಬರುತ್ತದೆ. ಆದರೆ ಆ ಸಂಖ್ಯೆ ಎಲ್ಲಿ ಕೂತಿದೆ ಅನ್ನುವುದು ಈ ದಾರಿಯಲ್ಲೇ ಚೆನ್ನಾಗಿ ತಿಳಿಯುತ್ತದೆ ಅಂತ ನನ್ನ ಅನುಭವ. ಈ ಒಂದು ಉದಾಹರಣೆ ಸಂಚಿಕೆಯಲ್ಲಿ ದೊಡ್ಡ ಜಾಗ ತೆಗೆದುಕೊಂಡಿತು, ಅದಕ್ಕೆ ನನಗೆ ಸಂತೋಷ ಇದೆ.

ಇನ್ನು ರೇಖಾಗಣಿತ. ಚಿತ್ರವನ್ನು ಮಾತಿನಲ್ಲಿ ಹೇಳುವುದು ಹೇಗೆ? ಇದಕ್ಕೆ ಮಾತ್ರ ನಿಜವಾಗಿ ಬೆವರು ಹರಿಸಿದೆ. ವಿಜಯಪುರದವನಾಗಿ ಗೋಳಗುಮ್ಮಟ ಬಿಟ್ಟು ಮಾತಾಡಲು ಮನಸ್ಸಿರಲಿಲ್ಲ. ಮೊಹಮ್ಮದ್ ಆದಿಲ್ ಶಾನ ಸಮಾಧಿ, ಅವನು ತೀರಿಕೊಂಡ 1656ರ ಹೊತ್ತಿನದು. ಎಲ್ಲರೂ ಪಿಸುಗುಟ್ಟುವ ಗ್ಯಾಲರಿಯ ಮಾತಾಡುತ್ತಾರೆ. ಗಣಿತದವರಿಗೆ ಅದಕ್ಕಿಂತ ರುಚಿಯಾದ ಪ್ರಶ್ನೆ ಇನ್ನೊಂದಿದೆ: ಕೆಳಗಿನ ಹಾಲ್ ಚೌಕ, ಒಳಗಿನ ಒಂದೊಂದು ಬದಿ 135 ಅಡಿ. ಮೇಲಿನ ಗುಮ್ಮಟ ದುಂಡಗೆ, ಒಳವ್ಯಾಸ ಸುಮಾರು 124 ಅಡಿ. ಹಾಲ್‌ನ ನಡುವೆ ಒಂದು ಕಂಬವೂ ಇಲ್ಲದೆ ಚೌಕದ ಮೇಲೆ ವೃತ್ತವನ್ನು ಕೂರಿಸಿದ್ದು ಹೇಗೆ? ಎಂಟು ಕಮಾನುಗಳು ಒಂದನ್ನೊಂದು ದಾಟಿ ಹೋಗುತ್ತವೆ, ಮೇಲಿಂದ ನೋಡಿದರೆ ಒಂದರ ಮೇಲೊಂದು ತಿರುಗಿಸಿಟ್ಟ ಎರಡು ಚೌಕಗಳ ಹಾಗೆ ಕಾಣುತ್ತವೆ, ನಡುವೆ ಎಂಟು ಬದಿಯ ಆಕಾರ ಸಿಗುತ್ತದೆ, ಅದರ ಮೇಲೆ ಗುಮ್ಮಟ ಕೂರುತ್ತದೆ. ಬೋರ್ಡಿದ್ದರೆ ಎಂಟು ಗೆರೆಯಲ್ಲಿ ಮುಗಿಯುವ ಮಾತು.

ನಮ್ಮ ಸಮಾಜ ವಿಜ್ಞಾನದ ಸರ್ ಒಬ್ಬರನ್ನು ಹಿಡಿದೆ. ಸ್ಟಾಫ್‌ರೂಮಿನಲ್ಲಿ ಬೆನ್ನಿಗೆ ಬೆನ್ನು ಮಾಡಿ ಕೂತೆವು. ನಾನು ಬರೀ ಹೇಳಬೇಕು, ಅವರು ಹಾಳೆಯ ಮೇಲೆ ಬಿಡಿಸಬೇಕು, ತಿರುಗಿ ನೋಡುವಂತಿಲ್ಲ, ಪ್ರಶ್ನೆ ಕೇಳುವಂತಿಲ್ಲ. "ಚೌಕದೊಳಗೆ ಇನ್ನೊಂದು ಓರೆ ಚೌಕ" ಅಂದರೆ ಅವರ ಹಾಳೆಯಲ್ಲಿ ಬರುವುದು ಬದಿಗಳ ಮಧ್ಯಬಿಂದು ಸೇರಿಸಿದ ಚಿಕ್ಕ ಚೌಕ. ಮಾತಿನ ಪ್ರಕಾರ ಅದೂ ಸರಿಯೇ. ಬೇರೆ ಬೇರೆ ಥರ ಹೇಳಿ ನೋಡಿ ಕೊನೆಗೆ ನಿಂತ ಮಾತು ಇದು: "ಒಂದೇ ಅಳತೆಯ ಎರಡು ಚೌಕ ಕಾಗದ ತಗೊಳ್ಳಿ. ಒಂದರ ಮೇಲೆ ಒಂದು ಸರಿಯಾಗಿ ಇಡಿ. ನಟ್ಟನಡುವೆ ಗುಂಡುಪಿನ್ನು ಚುಚ್ಚಿ. ಈಗ ಮೇಲಿನ ಕಾಗದವನ್ನು ಮಾತ್ರ ತಿರುಗಿಸಿ, ಅದರ ಮೂಲೆ ಕೆಳಗಿನ ಕಾಗದದ ಬದಿಯ ನಡುವಿನಿಂದ ಹೊರಗೆ ಇಣುಕುವವರೆಗೆ. ಸುತ್ತ ಎಂಟು ಮೂಲೆ ಕಾಣುತ್ತವೆ. ಎರಡೂ ಕಾಗದ ಒಂದರ ಮೇಲೊಂದು ಇರುವ ನಡುವಿನ ಭಾಗಕ್ಕೆ ಎಂಟು ಬದಿ." ಇದನ್ನು ಕೇಳಿ ಸರ್ ಬಿಡಿಸಿದ್ದು ಸರಿಯಾಗಿ ಬಂತು. ಮನೆಯಲ್ಲಿ ನನ್ನ ಹೆಂಡತಿಗೂ ಹೇಳಿದೆ, ಅವರದೂ ಬಂತು. ಆಗಲೇ ಇದನ್ನು ಮೈಕಿನ ಮುಂದೆ ಹೇಳಬಹುದು ಅಂತ ಧೈರ್ಯ ಬಂದದ್ದು. ನೀವು ಪಾಡ್‌ಕಾಸ್ಟ್‌ಗೆ ಹೋಗಲಿ ಬಿಡಲಿ, ಈ ಬೆನ್ನಿಗೆ ಬೆನ್ನಿನ ಆಟವನ್ನು ಮಕ್ಕಳಿಂದ ಆಡಿಸಿ ನೋಡಿ. "ಲಂಬ", "ಸಮಾಂತರ", "ಮಧ್ಯಬಿಂದು" ಇವೆಲ್ಲ ಯಾಕೆ ಬೇಕು ಅಂತ ಮಕ್ಕಳಿಗೆ ಆಟದಲ್ಲೇ ಗೊತ್ತಾಗುತ್ತದೆ, ಅವಿಲ್ಲದೆ ಗೆಳೆಯನಿಗೆ ಚಿತ್ರ ದಾಟಿಸಲು ಆಗುವುದೇ ಇಲ್ಲ.

ಅಂಕಿಗಳನ್ನು ಹೇಳುವಾಗ ಒಂದು ವಾಕ್ಯಕ್ಕೆ ಒಂದೋ ಎರಡೋ ಸಾಕು. ಜಾಸ್ತಿ ಆದರೆ ಕಿವಿಯಲ್ಲಿ ನಿಲ್ಲುವುದಿಲ್ಲ. ಆದರೆ ಕೇಳುಗರೇ ಮಾಡಬಹುದಾದ ಒಂದು ಬಾಯಿಲೆಕ್ಕ ಇಟ್ಟುಕೊಂಡಿದ್ದೆ. ಗೋಳಗುಮ್ಮಟದ ಹಾಲ್ 135ಕ್ಕೆ 135 ಅಲ್ವಾ, ನೆಲ ಎಷ್ಟು ಚದರ ಅಡಿ? ಕೊನೆಗೆ ಐದು ಇರುವ ಸಂಖ್ಯೆಯ ವರ್ಗಕ್ಕೆ ಹಳೆಯ ಉಪಾಯ ಇದೆ: ಐದು ಬಿಟ್ಟರೆ 13, ಅದರ ಮುಂದಿನದು 14, ಎರಡನ್ನೂ ಗುಣಿಸಿದರೆ 182, ಅದರ ಪಕ್ಕ 25. ಉತ್ತರ 18,225.

ಪ್ರಶ್ನೆ ಕೇಳಿದ ಮೇಲೆ ಕೇಳುಗರಿಗೆ ಯೋಚಿಸಲು ಸಮಯ ಬೇಕಲ್ಲ? ಅಮೆರಿಕದ ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ವಿಜ್ಞಾನದ ಪಾಠಗಳ ಟೇಪುಗಳನ್ನು ಕೇಳಿ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಸುಮಾರು ಒಂದೇ ಸೆಕೆಂಡ್ ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಹೆಚ್ಚು ಮಕ್ಕಳು ಬಾಯಿ ಬಿಡುತ್ತಾರೆ ಅಂತ ತೋರಿಸಿದ್ದರು. ಆ ಹಾಲಿನ ಪ್ರಶ್ನೆಗೆ ನಾನು ಕಾಯದೆ ಹೋಗಿದ್ದರೆ ಹಿಂದಿನ ಬೆಂಚಿನ ಉತ್ತರ ಸಿಗುತ್ತಿರಲಿಲ್ಲ. ಹಾಗಾಗಿ ಮೇಡಂಗೆ ಮೊದಲೇ ಹೇಳಿಟ್ಟೆ: "ನಾನು ಅಲ್ಲಲ್ಲಿ ಸುಮ್ಮನಿರುತ್ತೇನೆ, ಎಡಿಟ್ ಮಾಡುವವರು ಅದನ್ನು ಕತ್ತರಿಸದಿರಲಿ." ಇದನ್ನು ನೀವೂ ಮರೆಯದೆ ಹೇಳಿ. ಖಾಲಿ ಜಾಗ ಕಂಡರೆ ಕತ್ತರಿಸುವುದು ಅವರ ರೂಢಿ.

ಇತಿಹಾಸದ ಪ್ರಶ್ನೆಯೂ ಬಂದೇ ಬರುತ್ತದೆ. "ಭಾಸ್ಕರಾಚಾರ್ಯರು ನಿಮ್ಮ ಊರಿನವರಂತಲ್ಲ?" 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯರು ತಮ್ಮ ಊರು ಸಹ್ಯಾದ್ರಿಯ ಬಳಿಯ ವಿಜ್ಜಡವಿಡ ಅಂತ ಹೇಳಿಕೊಂಡಿದ್ದಾರೆ. ಅದು ನಮ್ಮ ವಿಜಯಪುರವೇ ಅನ್ನುವ ವಿದ್ವಾಂಸರಿದ್ದಾರೆ. ಮಹಾರಾಷ್ಟ್ರದ ಚಾಳೀಸ್‌ಗಾಂವ್ ಹತ್ತಿರದ ಪಾಟಣ ಅನ್ನುವವರೂ ಇದ್ದಾರೆ, ಅಲ್ಲಿ ಅವರ ಮೊಮ್ಮಗ ಚಂಗದೇವನ 1207ರ ಶಾಸನ ಸಿಕ್ಕಿದೆ. ನಾನು ಎರಡನ್ನೂ ಹೇಳಿದೆ. ಊರಿನ ಮೇಲೆ ಎಷ್ಟೇ ಅಭಿಮಾನ ಇರಲಿ, ಪುರಾವೆ ಕೇಳು ಅಂತ ಮಕ್ಕಳಿಗೆ ದಿನಾ ಹೇಳುವವರು ನಾವು. ಇನ್ನು ನಮ್ಮ ಕಡೆಯವರೇ ಅಂತ ಹೆಮ್ಮೆಯಿಂದ ಹೇಳಲು ಮಹಾವೀರಾಚಾರ್ಯರಿದ್ದಾರೆ. ಒಂಬತ್ತನೇ ಶತಮಾನ, ಮಾನ್ಯಖೇಟದ ಅಮೋಘವರ್ಷನ ಕಾಲ. ಭಿನ್ನರಾಶಿ ಕೂಡಿಸಲು ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಬಳಸುವ ರೀತಿಯನ್ನು ಅವರು ಆಗಲೇ ಬರೆದಿಟ್ಟಿದ್ದಾರೆ. ನಮ್ಮ ಮಕ್ಕಳು ಇವತ್ತು ಮಾಡುವುದು ಅದೇ ಲೆಕ್ಕ.

ಒಂದು ಮಾತನ್ನು ಆಡಬಾರದು ಅಂತ ಮೊದಲೇ ಗಟ್ಟಿ ಮಾಡಿಕೊಂಡಿದ್ದೆ: "ಪ್ರಾಥಮಿಕ ಶಾಲೆಯಲ್ಲಿ ಬುನಾದಿ ಹಾಕಿಲ್ಲ." ಪ್ರೌಢಶಾಲೆಯವರು ಇದನ್ನು ಬಹಳ ಸಲೀಸಾಗಿ ಹೇಳುತ್ತೇವೆ. ಆದರೆ ಅದನ್ನು ಕೇಳುವವರಲ್ಲಿ ಪ್ರಾಥಮಿಕ ಶಾಲೆಯ ಅಕ್ಕೋರು ಇರುತ್ತಾರೆ, ನಲಿ-ಕಲಿಯಲ್ಲಿ ಒಂದು, ಎರಡು, ಮೂರನೇ ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಒಟ್ಟಿಗೆ ಕೂರಿಸಿಕೊಂಡು ಕಲಿಸುವವರು. ಅವರನ್ನು ನೋಯಿಸಿ ಏನು ಸಿಗುತ್ತದೆ? ನಾನು ಮಾಡಿದ್ದು ಪಕ್ಕದ ಊರಿನ ಒಬ್ಬ ಅಕ್ಕೋರಿಗೆ ಫೋನ್ ಮಾಡಿ ಭಿನ್ನರಾಶಿ ಹೇಗೆ ಶುರು ಮಾಡುತ್ತೀರಿ ಅಂತ ಕೇಳಿದ್ದು. ಸರ್ಕಾರಿ ಶಾಲೆಗಳ ಗಣಿತ ಕಾರ್ಯಕ್ರಮವಾದ ಗಣಿತ ಕಲಿಕಾ ಆಂದೋಲನದ ಕಿಟ್ಟಿನ ಸಾಮಾನು ತೆಗೆದು ಮಕ್ಕಳ ಕೈಗೆ ಕೊಟ್ಟು, ಮಗು ತಾನೇ "ಇವೆರಡು ಸೇರಿದ್ರ ಅದರಷ್ಟ ಆಗ್ತಾವ್ರಿ" ಅನ್ನುವವರೆಗೆ ಅಂಶ, ಛೇದ ಅಂತ ಬಾಯಿಯೇ ಬಿಡುವುದಿಲ್ಲ ಅಂದರು ಅವರು. ನಾನು ಅದನ್ನು ಅವರ ಒಪ್ಪಿಗೆ ಪಡೆದು ಹಾಗೇ ಹೇಳಿದೆ.

ಉಳಿದವು ಸಣ್ಣ ಸಂಗತಿಗಳು. ಸರ್ಕಾರಿ ನೌಕರರಾದರೆ ಮುಖ್ಯ ಗುರುಗಳಿಗೆ ಮೊದಲೇ ಪತ್ರ ಬರೆದು ತಿಳಿಸಿ. ಮಕ್ಕಳ ಹೆಸರು ಹೇಳಬೇಡಿ, ಗುರುತು ಸಿಗುವ ವಿವರವೂ ಬೇಡ. ತಗಡಿನ ಶೀಟಿನ ಕೋಣೆ, ಖಾಲಿ ಕ್ಲಾಸ್‌ರೂಮು ಎರಡೂ ಮಾತನ್ನು ಮೊಳಗಿಸುತ್ತವೆ, ಮನೆಯಲ್ಲಿ ಹಾಸಿಗೆ, ಬಟ್ಟೆ ತುಂಬಿದ ಕೋಣೆಯೇ ಒಳ್ಳೆಯದು. ಫ್ಯಾನ್ ಆರಿಸಿ. ಕರೆಂಟ್ ಹೋದರೂ ನಡೆಯುವ ಹಾಗೆ ಫೋನ್ ಪೂರ್ತಿ ಚಾರ್ಜ್ ಮಾಡಿ, ನೆಟ್‌ವರ್ಕ್ ಕೈಕೊಟ್ಟರೆ ಇರಲಿ ಅಂತ ನಿಮ್ಮ ಮಾತನ್ನು ಫೋನಿನಲ್ಲೂ ಬೇರೆಯಾಗಿ ರೆಕಾರ್ಡ್ ಮಾಡಿಕೊಳ್ಳಿ. ಮುಂದೆ ಒಂದೇ ಹಾಳೆ ಇರಲಿ, ಅದರಲ್ಲಿ ಮಕ್ಕಳ ಮಾತುಗಳು ಮಾತ್ರ ಇರಲಿ. ಪೂರ್ತಿ ಬರೆದುಕೊಂಡು ಹೋದರೆ ಓದಿದ ಹಾಗೆ ಕೇಳುತ್ತದೆ.

ಮಾತು ಮುಗಿಯುವ ಹೊತ್ತಿಗೆ ಮೇಡಂ ಪಟ್ಟಿಯಲ್ಲಿ ಇಲ್ಲದ ಒಂದು ಪ್ರಶ್ನೆ ಕೇಳಿದರು: ಎಸ್ಸೆಸ್ಸೆಲ್ಸಿಯ 80 ಅಂಕದ ಪೇಪರ್ ತಲೆಯ ಮೇಲಿರುವಾಗ ಇಷ್ಟೆಲ್ಲ ಮಾತಾಡಲು ಸಮಯ ಎಲ್ಲಿದೆ? ಎಂಟನೇ ತರಗತಿಯಲ್ಲಿ ಹಾಲಿನ ಲೆಕ್ಕಕ್ಕೆ ಕೊಟ್ಟ ಒಂದು ಪಿರಿಯಡ್ಡು ಹತ್ತನೇ ತರಗತಿಯಲ್ಲಿ ನನಗೆ ಎಷ್ಟೋ ಪಿರಿಯಡ್ ಉಳಿಸುತ್ತದೆ ಅಂತ ಹೇಳಿದೆ. ದಶಮಾಂಶ ಅಲುಗಾಡುವ ಮಗುವಿಗೆ ತ್ರಿಕೋನಮಿತಿಯ ಬೆಲೆಗಳನ್ನೂ ಸರಾಸರಿಯನ್ನೂ ಹಚ್ಚಲು ಹೋದರೆ ಅಲ್ಲಿ ಹೋಗುವ ಸಮಯವೇ ಜಾಸ್ತಿ.

ಮುಂದಿನ ಸಂಚಿಕೆ ಭಿನ್ನರಾಶಿಯ ಭಾಗಾಕಾರದ ಬಗ್ಗೆ, ಅದಕ್ಕೂ ಬರಲು ಹೇಳಿದ್ದಾರೆ. ಅರ್ಧವನ್ನು ಕಾಲಿನಿಂದ ಭಾಗಿಸಿದರೆ ಎರಡು ಬರುತ್ತದೆ ಅಂದಾಗ, ಭಾಗಿಸಿದರೂ ಉತ್ತರ ಯಾಕೆ ದೊಡ್ಡದಾಯಿತು ಅಂತ ನಿಮ್ಮ ಮಕ್ಕಳು ಕೇಳಿದ್ದರೆ, ಅದಕ್ಕೆ ಅವರೇ ಏನು ಕಾರಣ ಕೊಟ್ಟರು ಅನ್ನುವುದನ್ನು ಅವರ ಮಾತಿನಲ್ಲೇ ಬರೆದು ಕಳಿಸಿ. ಬೆಳಗಾವಿ, ಬಾಗಲಕೋಟೆ ಕಡೆಯವರೂ ಕಳಿಸಿ. ಮಗುವಿನ ಹೆಸರು ಬೇಡ, ತರಗತಿ ಯಾವುದು ಅಂತ ಬರೆದರೆ ಸಾಕು.