ಐದು ಮುಳ್ಳಿನ ಟೆಲಿಗ್ರಾಫ್

ತಂತಿಯಲ್ಲಿ ಸಂದೇಶ ಕಳಿಸುವ ಟೆಲಿಗ್ರಾಫ್ ಅಂದ ಕೂಡಲೇ ಚುಕ್ಕೆ-ಗೆರೆ ಸಂಕೇತದ ಮೋರ್ಸ್ ನೆನಪಾಗುತ್ತಾರೆ. ನನ್ನ ಮನಸ್ಸು ಮಾತ್ರ ಇವತ್ತೆಲ್ಲ 1837ರಲ್ಲಿ ಇಂಗ್ಲೆಂಡಿನ ಕುಕ್ ಮತ್ತು ವೀಟ್‌ಸ್ಟನ್ ಪೇಟೆಂಟ್ ಪಡೆದ ಯಂತ್ರದ ಹಿಂದೆಯೇ ಸುತ್ತುತ್ತಿದೆ.

ವಜ್ರಾಕಾರದ ಹಲಗೆ, ಅದರ ಮೇಲೆ ಅಕ್ಷರಗಳು. ನಡುವೆ ಸಾಲಾಗಿ ಗಡಿಯಾರದ ಮುಳ್ಳಿನಂಥ ಐದು ಕಾಂತದ ಮುಳ್ಳು, ಒಂದೊಂದರ ಹಿಂದೆ ತಂತಿಯ ಸುರುಳಿ. ಕರೆಂಟ್ ಹರಿದರೆ ಎರಡು ಮುಳ್ಳು ಓರೆಯಾಗುತ್ತವೆ. ಮೇಲ್ತುದಿಗಳು ಒಂದರತ್ತ ಒಂದು ವಾಲಿದರೆ ಮೇಲಿನ ಅಕ್ಷರ, ಕೆಳತುದಿಗಳು ವಾಲಿದರೆ ಕೆಳಗಿನದು. ಎರಡರ ಗೆರೆ ಎಲ್ಲಿ ಕೂಡುತ್ತದೋ ಅಲ್ಲಿರುವ ಅಕ್ಷರ ಓದಿಕೊಂಡರೆ ಆಯ್ತು. ಸಂಕೇತ ಕಲಿಯುವ ಗೋಜೇ ಇಲ್ಲ. ಎಷ್ಟು ಚೆಂದ ಅಲ್ವಾ!

ಐದು ಮುಳ್ಳಿಗೆ ಸಿಗುವುದು 20 ಅಕ್ಷರ ಮಾತ್ರ. ಹಾಗಾಗಿ ಸಿ, ಜೆ, ಕ್ಯೂ, ಯು, ಎಕ್ಸ್, ಝಡ್‌ಗೆ ಜಾಗ ಸಿಗಲಿಲ್ಲ.

ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ವೆಸ್ಟ್ ಡ್ರೇಟನ್‌ವರೆಗೆ, 13 ಮೈಲಿ, ರೈಲು ಹಳಿಯ ಪಕ್ಕದಲ್ಲೇ ಇದರ ತಂತಿ ಎಳೆದರು. ತಂತಿಯ ಮೇಲಿನ ಹೊದಿಕೆ ಬೇಗ ಕೆಟ್ಟಿತು. ತಂತಿ ಜಾಸ್ತಿ ಇದ್ದಷ್ಟೂ ಖರ್ಚೂ ಜಾಸ್ತಿ. ಆಮೇಲೆ ಎರಡು ಮುಳ್ಳಿನ ಯಂತ್ರ ಬಂತು, ಒಂದು ಮುಳ್ಳಿನದೂ ಬಂತು. ತಂತಿಯ ಖರ್ಚು ಉಳಿಯಿತು, ಆದರೆ ಸಂಕೇತ ಬಾಯಿಪಾಠ ಮಾಡುವ ಹೊರೆ ಆಪರೇಟರ್ ತಲೆಗೆ ಬಿತ್ತು. ನನಗಂತೂ ಅಕ್ಷರ ಬಲ್ಲ ಯಾರು ಬೇಕಾದರೂ ಓದಬಹುದಾಗಿದ್ದ ಆ ಐದು ಮುಳ್ಳಿನ ಹಲಗೆಯ ಮೇಲೇ ಪ್ರೀತಿ.