ಬದಲಿಯವರು ಬರುವ ತನಕ

ಮಡಿಕೇರಿ ತಾಲ್ಲೂಕಿನ ಒಂದು ವೃದ್ಧಾಶ್ರಮದಲ್ಲಿ ನಾನು ಆರೈಕೆಯ ಮೇಲ್ವಿಚಾರಕಿ. ಪಾಳಿ ಪಟ್ಟಿ ಬರೆಯುವ ಹೊಣೆ ನನ್ನದೇ. ಯಾರು ಹಗಲು, ಯಾರು ರಾತ್ರಿ, ಯಾರಿಗೆ ಯಾವತ್ತು ವಾರದ ರಜೆ ಎಂಬುದನ್ನು ಬರೆದು ತಿಂಗಳ ಕೊನೆಗೆ ಅಡುಗೆಮನೆಯ ಪಕ್ಕದ ಗೋಡೆಗೆ ಅಂಟಿಸುತ್ತೇನೆ. ನೋಡುವವರಿಗೆ ಅದು ಗೆರೆ ಎಳೆದ ಒಂದು ಕಾಗದ. ಆದರೆ ಹಾಸಿಗೆ ಹಿಡಿದವರ ಬೆನ್ನಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಅದಕ್ಕೆ ಇಬ್ಬರ ಕೈ ಬೇಕು. ಇನ್ಸುಲಿನ್ ತಿಂಡಿಗೆ ಮೊದಲೇ ಆಗಬೇಕು. ಪಾರ್ಕಿನ್ಸನ್ ಇರುವ ಅಜ್ಜನಿಗೆ ಮಾತ್ರೆ ಅರ್ಧ ಗಂಟೆ ತಡವಾದರೂ ಮೈ ಮರಗಟ್ಟಿ ಲೋಟ ಹಿಡಿಯಲಾಗುವುದಿಲ್ಲ. ಮರೆವಿನ ಕಾಯಿಲೆ ಇರುವವರು ಮುಸ್ಸಂಜೆಯಾಗುತ್ತಲೇ ಕಂಗೆಟ್ಟು, ಮನೆಗೆ ಹೋಗಬೇಕೆಂದು ಬಾಗಿಲ ಬಳಿ ಬಂದು ನಿಲ್ಲುತ್ತಾರೆ. ಹಿಂದೆ ಸರಿಯಾಗಿ ಆ ಹೊತ್ತಿಗೇ, ಸಂಜೆ ಆರಕ್ಕೆ, ಪಾಳಿ ಬದಲಾಗುತ್ತಿತ್ತು. ದಿನವಿಡೀ ಜೊತೆಗಿದ್ದ ಮುಖ ಚೀಲ ಹೆಗಲಿಗೇರಿಸಿ ಹೊರಟರೆ ಅವರ ಗಾಬರಿ ದುಪ್ಪಟ್ಟು. ಪಾಳಿ ಬದಲಾಗುವ ಹೊತ್ತನ್ನು ಏಳಕ್ಕೆ ಸರಿಸಿ, ಊಟ ಬಡಿಸುವ ಗಡಿಬಿಡಿಯಲ್ಲಿ ಸೇರಿಸಿದ ಮೇಲೆ ಸಂಜೆಗಳು ಎಷ್ಟೋ ಸಮಾಧಾನದಿಂದ ಕಳೆಯುತ್ತಿವೆ.

ಕೊಡಗಿನಲ್ಲಿ ಇದರ ಜೊತೆಗೆ ಬೇರೆ ಲೆಕ್ಕಗಳೂ ಇವೆ. ಇಲ್ಲಿನ ಸುಗ್ಗಿ ಹಬ್ಬ ಹುತ್ತರಿ ನಡೆಯುವುದು ರಾತ್ರಿ. ಕದಿರು ತೆಗೆಯುವ ಹೊತ್ತಿಗೆ ಮನೆಯಲ್ಲಿರಬೇಕೆಂದು ರಾತ್ರಿ ಪಾಳಿಯವರು ಕೇಳಿದರೆ ಇಲ್ಲವೆನ್ನಲು ಮನಸ್ಸು ಬರುವುದಿಲ್ಲ. ಅಂದು ಕ್ರೈಸ್ತ, ಮುಸ್ಲಿಂ ಸಹೋದ್ಯೋಗಿಗಳು ನಿಲ್ಲುತ್ತಾರೆ. ಕ್ರಿಸ್‌ಮಸ್‌ಗೆ, ರಂಜಾನ್‌ಗೆ ಇವರು ನಿಂತು ಋಣ ತೀರಿಸುತ್ತಾರೆ. ಕಾಫಿ ಕೊಯ್ಲು ಶುರುವಾದರೆ ಕಿಲೋ ಲೆಕ್ಕದ ಕೂಲಿಗೆ ತೋಟದ ಕಡೆ ಹೋಗುವವರನ್ನು ತಡೆಯಲಾಗುವುದಿಲ್ಲ. ಕಾಡಾನೆ ರಸ್ತೆಯಲ್ಲಿದೆ ಎಂಬ ಸುದ್ದಿ ಬಂದ ದಿನ ಬೆಳಕು ಹರಿಯುವ ಮೊದಲು ಯಾರನ್ನೂ ಬಸ್ ನಿಲ್ದಾಣಕ್ಕೆ ನಡೆದು ಬನ್ನಿ ಎನ್ನುವಂತಿಲ್ಲ.

ಇಂಥ ಕಡೆ ಹಾಜರಿಗೆ ಬೆರಳಚ್ಚಿನ ಯಂತ್ರ ಬಂತು. ಬೆಳಿಗ್ಗೆ ಏಳಕ್ಕೆ ಬೆರಳು ಒತ್ತಬೇಕು, ಹತ್ತು ನಿಮಿಷದ ರಿಯಾಯಿತಿ, ತಿಂಗಳಲ್ಲಿ ಮೂರು ಸಲ ತಡವಾದರೆ ಅರ್ಧ ದಿನದ ಸಂಬಳ ಕಡಿತ. ಮುಂಜಾನೆ ಅಜ್ಜಿಯರ ಮೈ ಒರೆಸಿ, ಬಟ್ಟೆ ಹಿಂಡಿದ ಕೈಗಳ ತುದಿ ನೆನೆದು ಸುಕ್ಕುಗಟ್ಟಿರುತ್ತದೆ. ತೋಟದಲ್ಲಿ ವರ್ಷಗಟ್ಟಲೆ ದುಡಿದು ಬಂದವರ ಬೆರಳ ಗೆರೆಗಳೇ ಸವೆದಿರುತ್ತವೆ. ಸೆರಗಿಗೆ ಒರೆಸಿ, ಬಾಯಿಂದ ಊದಿ, ಮತ್ತೆ ಮತ್ತೆ ಒತ್ತುತ್ತಾ ಅವರು ಯಂತ್ರದ ಮುಂದೆ ನಿಲ್ಲುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹೊತ್ತಿಗೆ ಸರಿಯಾಗಿ ಬರಬೇಕೆಂಬ ನಿಯಮ ಬೇಡವೆಂದು ನಾನು ಎಂದೂ ಹೇಳಿಲ್ಲ. ಒಬ್ಬರು ತಡವಾದರೆ ರಾತ್ರಿಯಿಡೀ ಕಣ್ಣು ಮುಚ್ಚದವರು ಅಷ್ಟು ಹೊತ್ತು ಹೆಚ್ಚು ನಿಲ್ಲಬೇಕು. ನನ್ನ ತಕರಾರು ಏನೆಂದರೆ, ಆ ನಿಯಮ ಬರುವವರ ಹೊತ್ತನ್ನು ಮಾತ್ರ ಕೇಳುತ್ತಿತ್ತು. ಬದಲಿಯವರು ಬರುವ ತನಕ ನಿಂತವರಿಗೆ ಅದರಲ್ಲಿ ಜಾಗವೇ ಇರಲಿಲ್ಲ.

ಅದು ಎದ್ದು ಕಂಡದ್ದು ಒಂದು ಮಳೆಗಾಲದಲ್ಲಿ, ಕಕ್ಕಡ ಎಂಬ ಕೊಡವ ತಿಂಗಳಲ್ಲಿ.

ಆಗಸ್ಟ್ 3 ಕಕ್ಕಡ ಪದಿನೆಟ್ಟ್. ಕಕ್ಕಡ ಮಾಸದ ಹದಿನೆಂಟನೆಯ ದಿನ ಮದ್ದುಸೊಪ್ಪು ಎಂಬ ಗಿಡದ ಎಲೆಯಲ್ಲಿ ಹದಿನೆಂಟು ಬಗೆಯ ಔಷಧ ಗುಣ ತುಂಬಿರುತ್ತದೆ ಎಂಬ ನಂಬಿಕೆ ಇಲ್ಲಿನದು. ಸೊಪ್ಪನ್ನು ಕುದಿಸಿದರೆ ನೀರು ಕಡು ನೇರಳೆಗೆ ತಿರುಗುತ್ತದೆ. ಆ ರಸದಲ್ಲೇ ಪಾಯಸ ಮಾಡುತ್ತಾರೆ. ನಮ್ಮಲ್ಲೂ ಅಂದು ಪಕ್ಕದ ತೋಟದಿಂದ ಒಂದು ಹೊರೆ ಸೊಪ್ಪು ಬಂದಿತ್ತು. ರಾತ್ರಿ ಊಟಕ್ಕೆ ಪಾಯಸ ಬಡಿಸಿದಾಗ, ಎರಡು ದಿನದಿಂದ ಸರಿಯಾಗಿ ಉಣ್ಣದಿದ್ದ ಅಜ್ಜನೊಬ್ಬರು ಕೂಡ ಬಟ್ಟಲು ಕೆರೆದು ತಿಂದರು. ಮದ್ದುಸೊಪ್ಪು ತಿಂದವರಿಗೆ ಮರುದಿನ ಮೂತ್ರ ಕೆಂಪಗೆ ಹೋಗುತ್ತದೆ. ಇದು ಇಲ್ಲಿ ಹುಟ್ಟಿದ ಮಕ್ಕಳಿಗೂ ಗೊತ್ತು.

ಆ ರಾತ್ರಿ ಮಳೆ ನಿಲ್ಲಲೇ ಇಲ್ಲ. ಬೆಳಗಿನ ಜಾವ ಕರೆಂಟು ಹೋಯಿತು. ಆರೂವರೆಗೆ ನಾಪೋಕ್ಲು ಕಡೆಯಿಂದ ಫೋನು: ಕಾವೇರಿ ತುಂಬಿ ಬೊಳಿಬಾಣೆಯಲ್ಲಿ ರಸ್ತೆಯ ಮೇಲೆ ನೀರು ನಿಂತಿದೆ, ಮೂರ್ನಾಡಿನ ಕಡೆ ಬಸ್ಸಿಲ್ಲ. ಹಗಲು ಪಾಳಿಯ ನಾಲ್ವರಲ್ಲಿ ಮೂವರು ಹೊಳೆಯ ಆಚೆಯವರು. ಏಳು ಗಂಟೆಗೆ ಬಂದು ನಿಂತವಳು ಆಶ್ರಮದ ವಸತಿಯಲ್ಲೇ ಇರುವ, ಹಾವೇರಿ ಕಡೆಯಿಂದ ಹೊಸದಾಗಿ ಸೇರಿದ್ದ ಹುಡುಗಿ ಒಬ್ಬಳೇ. ಇಪ್ಪತ್ತೆಂಟು ಜನ ಹಿರಿಯರು, ಅವರಲ್ಲಿ ಆರು ಮಂದಿ ಹಾಸಿಗೆ ಹಿಡಿದವರು.

ಐದು ನಿಮಿಷದಲ್ಲಿ ಆ ಹುಡುಗಿ ಮುಖ ಬಿಳಿಚಿಕೊಂಡು ಓಡಿ ಬಂದಳು. "ಅಕ್ಕಾ, ಅಜ್ಜನ ಮೂತ್ರದ ಚೀಲದಲ್ಲಿ ರಕ್ತ!"

ರಾತ್ರಿ ಪಾಳಿಯ ಆಯಾ ಇನ್ನೂ ಹೋಗಿರಲಿಲ್ಲ. ಅವರ ಮನೆ ಹೊಳೆಯ ಈಚೆಗೇ, ನಡೆದರೂ ತಲುಪಬಹುದಾದಷ್ಟು ಹತ್ತಿರ. ಮಳೆಗೆ ಶಾಲೆಗಳಿಗೆ ರಜೆ ಕೊಟ್ಟಿದ್ದರಿಂದ ಚಿಕ್ಕ ಮಗಳು ಮನೆಯಲ್ಲಿ ಅತ್ತೆಯೊಂದಿಗೆ ಕಾಯುತ್ತಿದ್ದಳು. ಕೊಡೆ ಬಾಗಿಲಿಗೆ ಒರಗಿಸಿಟ್ಟವರು ಮತ್ತೆ ಒಳಗೆ ಬಂದು, "ಗಾಬರಿಯಾಗಬೇಡ ಮಗಳೇ, ಅದು ನಿನ್ನೆಯ ಪಾಯಸದ ಬಣ್ಣ. ನಿನಗೂ ಹಾಗೇ ಹೋಗುತ್ತದೆ ನೋಡು" ಎಂದರು. ಹುಡುಗಿಗೆ ಅಳುವಿನ ನಡುವೆಯೇ ನಗು ಬಂತು.

ಅಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಇಬ್ಬರೂ ಸೇರಿ ಒಂದೊಂದೇ ಹಾಸಿಗೆಯ ಬಟ್ಟೆ ಬದಲಿಸುತ್ತ ಬಂದರು. ಕಿಟಕಿ ಬದಿಯ ಅಜ್ಜಿಯ ಬಟ್ಟೆಯಲ್ಲೂ ನಸುಗೆಂಪು ಕಲೆ ಇತ್ತು. ಹುಡುಗಿ ಈ ಸಲ ಧೈರ್ಯವಾಗಿ, ಇದೂ ಪಾಯಸದ್ದೇ ಎಂದು ಬುಟ್ಟಿಗೆ ಹಾಕಲು ಹೋದಳು. ಆಯಾ ಅವಳ ಕೈ ಹಿಡಿದು ನಿಲ್ಲಿಸಿದರು. ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ಮೂಸಿದರು. "ಈ ಅಜ್ಜಿ ನಿನ್ನೆ ಪಾಯಸ ಮುಟ್ಟಲಿಲ್ಲ ಅಕ್ಕಾ. ಸಕ್ಕರೆ ಕಾಯಿಲೆ ಎಂದು ನಾನೇ ಗಂಜಿ ಕುಡಿಸಿದ್ದು. ರಾತ್ರಿ ಎರಡು ಸಲ ಚಳಿ ಎಂದರು" ಎಂದು ನನಗೆ ಹೇಳಿದರು. ಜ್ವರ ನೋಡಿದೆವು, ಇತ್ತು. ವೈದ್ಯರಿಗೆ ಫೋನು ಹತ್ತಲು ಬಹಳ ಹೊತ್ತು ಹಿಡಿಯಿತು. ಅವರು ಹೇಳಿದಂತೆ ಮೂತ್ರದ ಮಾದರಿ ತೆಗೆದಿಟ್ಟು, ಔಷಧ ಶುರು ಮಾಡಿದೆವು. ಮೂತ್ರನಾಳದ ಸೋಂಕು. ಇಳಿವಯಸ್ಸಿನಲ್ಲಿ, ಅದರಲ್ಲೂ ಮಧುಮೇಹ ಇದ್ದವರಲ್ಲಿ, ಅದು ಒಂದೆರಡು ದಿನ ಕಣ್ಣಿಗೆ ಬೀಳದೆ ಹೋದರೆ ರಕ್ತಕ್ಕೂ ಹರಡಬಹುದು. ಅಜ್ಜಿ ಚೇತರಿಸಿಕೊಂಡರು. ಅಂದು ಊರಿಗೆಲ್ಲ ಕೆಂಪಾಗಿದ್ದ ಬೆಳಿಗ್ಗೆ ಅವರೊಬ್ಬರದು ಬೇರೆ ಕೆಂಪು ಎಂದು ಹೇಳಬಲ್ಲವರು, ಹಿಂದಿನ ರಾತ್ರಿ ಬಾಯಿಗೆ ಚಮಚ ಹಿಡಿದವರು ಮಾತ್ರ.

ಹತ್ತೂವರೆ ಹೊತ್ತಿಗೆ ನಾಪೋಕ್ಲಿನ ಮೂವರಲ್ಲಿ ಒಬ್ಬರು ಬೆಟ್ಟಗೇರಿ ಮೇಲೆ ಸುತ್ತಿ, ಯಾರದೋ ಜೀಪು ಹತ್ತಿ, ಮಡಿಕೇರಿಗೆ ಹೋಗಿ ಅಲ್ಲಿಂದ ಬಂದರು. ಮೊಣಕಾಲ ತನಕ ಕೆಸರು. ಬಟ್ಟೆ ಬದಲಿಸಿ ನೇರ ಸ್ನಾನದ ಕೋಣೆಗೆ ಹೋದರು. ಆಯಾ ಮನೆಗೆ ಹೊರಟಾಗ ಮಧ್ಯಾಹ್ನ ಹನ್ನೆರಡು ದಾಟಿತ್ತು. ಹಿಂದಿನ ಸಂಜೆ ಏಳರಿಂದ ಲೆಕ್ಕ ಹಾಕಿದರೆ ಹದಿನೇಳು ಗಂಟೆ.

ತಿಂಗಳ ಕೊನೆಗೆ ಹಾಜರಿ ಹಾಳೆ ಬಂತು. ಬೆಳಿಗ್ಗೆಯ ಹೊತ್ತು ಮೀರಿ ಒತ್ತಿದ ಬೆರಳನ್ನು ಯಂತ್ರ ಹೊಸ ದಿನದ ಪ್ರವೇಶ ಎಂದು ಓದಿಕೊಂಡಿತ್ತು. ರಾತ್ರಿಯ ಪಾಳಿಗೆ ಹೊರಹೋದ ಸಮಯ ಸಿಗಲಿಲ್ಲವೆಂದು, ಆಯಾ ಅವರ ಹೆಸರಿನ ಮುಂದೆ ಆಗಸ್ಟ್ 3ಕ್ಕೆ ಗೈರುಹಾಜರಿ. ಜೀಪು ಹತ್ತಿ ಬಂದವರಿಗೆ ಅರ್ಧ ದಿನದ ಕಡಿತ.

ಹಾಳೆಯನ್ನು ಹಿಡಿದು ಆಡಳಿತದವರ ಬಳಿ ಹೋದೆ. ಅವರು ಕೆಟ್ಟವರಲ್ಲ. "ಒಬ್ಬರಿಗೆ ತಿದ್ದಿದರೆ ನಾಳೆ ಎಲ್ಲರೂ ಕೇಳುತ್ತಾರೆ ಮೇಡಂ" ಎಂದರು. ನಾನು ಪಾಳಿ ಒಪ್ಪಿಸುವ ಪುಸ್ತಕವನ್ನು ಅವರ ಮೇಜಿನ ಮೇಲೆ ತೆರೆದಿಟ್ಟೆ. ಆ ದಿನದ ಪುಟದಲ್ಲಿ ಆಯಾ ಅವರ ದುಂಡನೆಯ ಅಕ್ಷರದಲ್ಲಿ ಸಮಯ ಸಮೇತ ಎಲ್ಲವೂ ಇತ್ತು: ಯಾರು ಪಾಯಸ ತಿಂದರು, ಯಾರು ತಿನ್ನಲಿಲ್ಲ, ಯಾರ ಮಗ್ಗುಲು ಎಷ್ಟು ಹೊತ್ತಿಗೆ ಬದಲಿಸಿದ್ದು, ವೈದ್ಯರು ಏನು ಹೇಳಿದರು. "ಸರ್, ನಮ್ಮಲ್ಲಿ ಹಾಜರಿ ಎಂದರೆ ಇದು" ಎಂದೆ. ಅವರು ಆ ಪುಟವನ್ನು ಕೊನೆಯ ತನಕ ಓದಿದರು. ಇಬ್ಬರ ಸಂಬಳವೂ ಸರಿಹೋಯಿತು.

ಕಾನೂನಿನಲ್ಲಿ ಇದಕ್ಕೆ ಏನಿದೆ ಎಂದು ಆಮೇಲೆ ಹುಡುಕಿದೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕುತ್ತದೆ, ಅದರ ಮೇಲಿನ ದುಡಿಮೆಗೆ ಎರಡು ಪಟ್ಟು ಕೂಲಿ ಕೊಡಬೇಕೆನ್ನುತ್ತದೆ. ಆದರೆ ಅದೇ ಕಾಯ್ದೆಯ 3ನೆಯ ಕಲಂ, ಅಶಕ್ತರ ಆರೈಕೆ ಮಾಡುವ ಸಂಸ್ಥೆಗಳಿಗೆ ಇದು ಅನ್ವಯಿಸುವುದಿಲ್ಲವೆಂದು ಹೊರಗಿಟ್ಟಿದೆ. ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುವವರ ದಣಿವಿಗೆ ಇರುವ ಮಿತಿ, ಇನ್ಸುಲಿನ್ ಸೂಜಿ ಹಿಡಿಯುವವರ ದಣಿವಿಗೆ ಇಲ್ಲ. ಅದನ್ನು ಓದಿದ ದಿನ ನನಗೆ ತುಂಬಾ ನೋವಾಯಿತು. ಕಾಯ್ದೆ ಕೈಬಿಟ್ಟದ್ದನ್ನು ನಮ್ಮ ನಿಯಮಾವಳಿಯಲ್ಲಾದರೂ ಬರೆಸಬೇಕೆಂದು ಹಟ ಹಿಡಿದೆ.

ಈಗ ನಮ್ಮಲ್ಲಿ ಪಾಳಿ ಮುಗಿಯುವುದು ಯಂತ್ರದ ಹೊತ್ತಿಗಲ್ಲ, ಬದಲಿಯವರು ಪುಸ್ತಕದಲ್ಲಿ ಸಹಿ ಹಾಕಿದಾಗ. ಹೆಚ್ಚಿಗೆ ನಿಂತ ಹೊತ್ತಿಗೆ ಕೂಲಿ ಉಂಟು, ಮತ್ತು ಮುಂದಿನ ಪಾಳಿಗೆ ಮೊದಲು ಹನ್ನೆರಡು ಗಂಟೆಯ ಬಿಡುವು ಕಡ್ಡಾಯ. ಜೂನ್‌ನಿಂದ ಸೆಪ್ಟೆಂಬರ್ ತನಕ ನಾನು ಪಟ್ಟಿಯನ್ನು ಬೇರೆಯೇ ರೀತಿ ಬರೆಯುತ್ತೇನೆ: ಹೊಳೆ ದಾಟದೆ ಬರಬಲ್ಲ ಇಬ್ಬರಾದರೂ ಪ್ರತಿ ಪಾಳಿಯಲ್ಲಿರಬೇಕು, ಮತ್ತು ಸೇರಿ ವರ್ಷ ತುಂಬದ ಇಬ್ಬರು ಒಟ್ಟಿಗೆ ಬೀಳಬಾರದು. ರಸ್ತೆ ಮುಳುಗಿ ತಡವಾದರೆ ಕಡಿತವಿಲ್ಲ. ಇದನ್ನು ದುರುಪಯೋಗ ಮಾಡಿಕೊಂಡವರನ್ನು ನಾನು ಇಲ್ಲಿಯ ತನಕ ಕಂಡಿಲ್ಲ.

ಉಳಿದಿರುವುದು ದೊಡ್ಡದು. ಎಂಟು ಗಂಟೆಯ ಮೂರು ಪಾಳಿ ಮಾಡೋಣವೆಂದರೆ ರಾತ್ರಿ ಹನ್ನೊಂದಕ್ಕೆ ಮನೆಗೆ ಹೋಗಲು ಬಸ್ಸಿಲ್ಲ, ಆ ಕತ್ತಲಲ್ಲಿ ಹೆಂಗಸರನ್ನು ತೋಟದ ದಾರಿಗೆ ಬಿಡಲಾಗದು. ಹಾಗಾಗಿ ಹನ್ನೆರಡು ಗಂಟೆಯ ಎರಡು ಪಾಳಿಯೇ ಗತಿ. ಆದರೆ ವಾರಕ್ಕೆ ಆರು ದಿನ ಹನ್ನೆರಡು ಗಂಟೆ ಎಂದರೆ 72 ಗಂಟೆ. ನಾಲ್ಕೇ ದಿನ ಮಾಡಿದರೆ ಸರಿಯಾಗಿ 48. ಹಗಲಿಗೆ ನಾಲ್ವರು, ರಾತ್ರಿಗೆ ಇಬ್ಬರಂತೆ ವಾರಕ್ಕೆ 42 ಪಾಳಿ ತುಂಬಬೇಕು. ಈಗಿರುವ ಏಳು ಮಂದಿಯ ಜೊತೆ ಇನ್ನೂ ನಾಲ್ವರು ಬೇಕು. ಈ ಲೆಕ್ಕವನ್ನು ಸಂಬಳದ ಅಂದಾಜಿನೊಂದಿಗೆ ಆಡಳಿತದವರಿಗೆ ಬರೆದು ಕೊಟ್ಟಿದ್ದೇನೆ. ಕೊಯ್ಲು ಮುಗಿದರೆ ಜನ ಸಿಗುತ್ತಾರೆ, ಮಾರ್ಚ್‌ನಲ್ಲಿ ಇಬ್ಬರನ್ನಾದರೂ ತೆಗೆದುಕೊಳ್ಳೋಣ ಎಂದಿದ್ದಾರೆ. ಇಬ್ಬರು ಬಂದರೆ ಮೊದಲು ರಾತ್ರಿಯವರ ದಿನಗಳನ್ನು ಇಳಿಸುತ್ತೇನೆ, ಉಳಿದ ಇಬ್ಬರಿಗಾಗಿ ಮತ್ತೆ ಕೇಳುತ್ತೇನೆ.