ಮರಳಿನ ಟ್ರೇಯಿಂದ ಹವಳದ ದಿಬ್ಬಕ್ಕೆ: ಕ್ವೀನ್ಸ್‌ಲ್ಯಾಂಡಿನ ಕಡಲ ಪಾಠ

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಮಕ್ಕಳಿಗೆ ಕಡಲ ಪಾಠ ಅಂದರೆ ಎಲ್ಲರೂ ನೇರ ಗ್ರೇಟ್ ಬ್ಯಾರಿಯರ್ ರೀಫ್‌ಗೇ ಹಾರುತ್ತಾರೆ. 2300 ಕಿಲೋಮೀಟರ್ ಉದ್ದದ ಹವಳ ಕಣ್ಣೆದುರಿಗಿರುವಾಗ ಅದು ಸಹಜವೇ. ಆದರೂ ಮರಳಿನಿಂದ ಶುರುಮಾಡುವುದು ವಾಸಿ. ದಡದ ಮರಳು ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆ ಕಂಡರೆ, ಹೊಳೆ ತರುವ ಕೆಸರು ಹವಳಕ್ಕೆ ಏಕೆ ಕುತ್ತು ಎಂದು ಮಕ್ಕಳೇ ಹೇಳುತ್ತಾರೆ.

60 ಸೆಂ.ಮೀ. ಉದ್ದದ ಟ್ರೇ ಸಾಕು. ಉದ್ದನೆಯ ಒಂದು ಬದಿಗೆ ಒದ್ದೆ ಮರಳನ್ನು 5 ಸೆಂ.ಮೀ. ಎತ್ತರಕ್ಕೆ ಒತ್ತಿ ಇಳಿಜಾರು ಮಾಡಿ, ಎದುರಿಗೆ 3 ಸೆಂ.ಮೀ. ನೀರು ತುಂಬಿ. ಸ್ಕೇಲನ್ನು ದಡಕ್ಕೆ ಓರೆಯಾಗಿ ಹಿಡಿದು ಸೆಕೆಂಡಿಗೊಮ್ಮೆ ಮೆಲ್ಲಗೆ ತಳ್ಳಿ. ಅಲೆ ಓರೆಯಾಗಿ ಏರುತ್ತದೆ, ನೇರವಾಗಿ ಇಳಿಯುತ್ತದೆ. ಒಂದು ಚಿಟಿಕೆ ಬಣ್ಣದ ಮರಳು ಹಾಕಿದರೆ ಅದು ಗರಗಸದ ಹಲ್ಲಿನಂತೆ ಹತ್ತಿ ಇಳಿದು ಪಕ್ಕಕ್ಕೆ ಸರಿಯುವುದು ಕಾಣುತ್ತದೆ. ನಮ್ಮ ಕರಾವಳಿಯವರು ಬೆಂಗ್ರೆ ಎನ್ನುವ ಮರಳ ನಾಲಿಗೆ ಹುಟ್ಟುವುದೂ ಹೀಗೆಯೇ. ಈಗ ಐಸ್‌ಕ್ರೀಂ ಕಡ್ಡಿಗಳನ್ನು ಅಡ್ಡ ನೆಡಿ. ಒಂದು ಮಗ್ಗುಲಲ್ಲಿ ಮರಳು ಗುಡ್ಡೆ, ಇನ್ನೊಂದರಲ್ಲಿ ಕೊರೆತ.

ಕೆಡುವುದು ಎರಡು ಕಡೆ. ನುಣ್ಣನೆ ಮರಳಾದರೆ ನೀರು ಕದಡಿ ಏನೂ ಕಾಣುವುದಿಲ್ಲ, ತೊಳೆದ ದಪ್ಪ ಮರಳೇ ಬೇಕು. ಟ್ರೇಯ ಗೋಡೆಗೆ ಬಡಿದ ಅಲೆ ವಾಪಸ್ಸು ಬಂದು ಲೆಕ್ಕ ತಪ್ಪಿಸುತ್ತದೆ. ಆ ತುದಿಗೆ ಸ್ಪಂಜು ಇಡಿ. ಈ ಕಡ್ಡಿಯ ಆಟವೇ ದೊಡ್ಡದಾಗಿ ಇಲ್ಲಿನ ಗೋಲ್ಡ್ ಕೋಸ್ಟ್ ನಗರದ ದಕ್ಷಿಣ ತುದಿಯಲ್ಲಿ ನಡೆದಿದೆ: ಟ್ವೀಡ್ ನದಿಯ ಬಾಯಿಯ ಕಲ್ಲುಗೋಡೆಗಳನ್ನು 1960ರ ದಶಕದಲ್ಲಿ ಉದ್ದ ಮಾಡಿದ ಮೇಲೆ ಉತ್ತರದ ಬೀಚುಗಳು ಸವೆದವು. 2001ರಿಂದ ಮರಳನ್ನು ಪಂಪ್ ಮಾಡಿ ನದಿ ದಾಟಿಸುತ್ತಿದ್ದಾರೆ.

ಹವಳದ ದಿಬ್ಬಕ್ಕೆ ಬಂದರೆ ಡಾರ್ವಿನ್ 1842ರಲ್ಲಿ ಹೇಳಿದ ಕತೆ ಎಲ್ಲ ಪಠ್ಯದಲ್ಲೂ ಇದೆ: ಜ್ವಾಲಾಮುಖಿ ದ್ವೀಪ ಮುಳುಗುತ್ತದೆ, ಸುತ್ತಲ ಹವಳ ಮೇಲಕ್ಕೆ ಬೆಳೆದು ಬ್ಯಾರಿಯರ್, ಅಂದರೆ ತಡೆಗೋಡೆಯಂಥ ದಿಬ್ಬವಾಗುತ್ತದೆ, ಕೊನೆಗೆ ಉಂಗುರ ಉಳಿಯುತ್ತದೆ. ಹೆಸರಿನಲ್ಲಿ ಬ್ಯಾರಿಯರ್ ಇದ್ದರೂ ಇಲ್ಲಿನ ದಿಬ್ಬ ಆ ಲೆಕ್ಕಕ್ಕೆ ಸೇರದು. ಹಿಮಯುಗ ಮುಗಿದು ಕಡಲು ಏರಿದಾಗ, ಖಂಡದ ಅಂಚಿನ ಆಳವಿಲ್ಲದ ತಳದ ಮೇಲೆ ಬೆಳೆದದ್ದು ಇದು. ಇದನ್ನು ಮೊದಲೇ ಹೇಳದಿದ್ದರೆ ಮಕ್ಕಳು ದಿಬ್ಬದ ಹತ್ತಿರದ ಕೇರ್ನ್ಸ್ ಊರಿನಲ್ಲಿ ಮುಳುಗಿದ ಜ್ವಾಲಾಮುಖಿ ಹುಡುಕುತ್ತಾರೆ!

ಕಡಲು ಆಮ್ಲದ ಕಡೆ ವಾಲಿದರೆ ಹವಳದ ಸುಣ್ಣಕ್ಕೆ ಏನಾಗುತ್ತದೆ ಎಂದು ತೋರಿಸಲು ಸೀಮೆಸುಣ್ಣಕ್ಕೆ ವಿನೆಗರ್ ಸುರಿಯುವ ಪ್ರಯೋಗ ಬಹಳ ಸಲ ಕೈಕೊಡುತ್ತದೆ, ಗುಳ್ಳೆಯೇ ಬರುವುದಿಲ್ಲ. ಈಗಿನ ಸೀಮೆಸುಣ್ಣ ಹೆಚ್ಚಾಗಿ ಜಿಪ್ಸಂ. ಮೊಟ್ಟೆ ಚಿಪ್ಪು ಬಳಸಿ: ಒಣಗಿಸಿ ತೂಗಿ, ಒಂದು ದಿನ ನೆನೆಸಿ, ಮತ್ತೆ ಒಣಗಿಸಿ ತೂಗಿ. ಕಡಲು ವಿನೆಗರ್ ಆಗುತ್ತಿಲ್ಲ, ಅದರ ಪಿಎಚ್ (ಆಮ್ಲ-ಕ್ಷಾರದ ಅಳತೆ) ಇನ್ನೂ 8ರ ಆಸುಪಾಸಿನಲ್ಲಿದೆ ಎನ್ನುವುದನ್ನೂ ಹೇಳಲೇಬೇಕು. ಸಣ್ಣ ಇಳಿಕೆಗೂ ಹವಳದ ಸುಣ್ಣ ಕಟ್ಟುವ ಕೆಲಸ ನಿಧಾನವಾಗುತ್ತದೆ, ಅಷ್ಟೇ.

ಎಲ್ಲಕ್ಕಿಂತ ಒಳ್ಳೆಯ ಸಾಧನ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಕೋರಲ್‌ವಾಚ್ ಎಂಬ ಹವಳ ಗಮನಿಸುವ ಯೋಜನೆಯವರ ಬಣ್ಣದ ಕಾರ್ಡು. ಕಾರ್ಡಿನ ಬಣ್ಣಗಳಿಗೆ 1ರಿಂದ 6ರವರೆಗೆ ಅಂಕ. 1 ಬಿಳಿಚಿದ್ದು, 6 ಗಾಢ. ಹವಳದ ಅತಿ ತಿಳಿಯಾದ ಜಾಗಕ್ಕೊಂದು, ಅತಿ ಗಾಢವಾದ ಜಾಗಕ್ಕೊಂದು ಅಂಕ ಬರೆಯಬೇಕು. ಮಕ್ಕಳು ತಪ್ಪುವುದು ಕವಲು ಹವಳದ ತುದಿಯಲ್ಲಿ: ಬೆಳೆಯುವ ತುದಿ ಸಹಜವಾಗಿಯೇ ಬೆಳ್ಳಗಿರುತ್ತದೆ, ಅದನ್ನು ಬಿಡಬೇಕು. ಫೋಟೋ ನೋಡಿ ಅಂಕ ಹಾಕಿದರೂ ಕೆಡುತ್ತದೆ. ನೀರು ಕೆಂಪನ್ನು ನುಂಗುತ್ತದೆ, ಹಾಗಾಗಿ ಕಾರ್ಡು ಹವಳದ ಪಕ್ಕದಲ್ಲೇ, ಅದೇ ಬೆಳಕಿನಲ್ಲಿ ಇರಬೇಕು, ಆದರೆ ತಾಗಬಾರದು. ಬಿಳಿಚಿದ ಹವಳ ಸತ್ತದ್ದಲ್ಲ. ಒಳಗಿನ ಪಾಚಿ ಹೊರಬಿದ್ದಿದೆ, ನೀರು ಬೇಗ ತಂಪಾದರೆ ಚೇತರಿಸಿಕೊಳ್ಳಬಹುದು.

ಕೊನೆಗೆ ಗ್ರೇಟ್ ಬ್ಯಾರಿಯರ್ ರೀಫ್ ಸಾಗರ ಉದ್ಯಾನದ ವಲಯ ನಕ್ಷೆ ಹರಡಿ, ಬೇಕೆಂದಲ್ಲಿ ಬೆರಳಿಡಿಸಿ, ಇಲ್ಲಿ ಗಾಳ ಹಾಕಬಹುದೇ ಎಂದು ಕೇಳಿ. ಹಸಿರು ಬಣ್ಣದ ವಲಯದಲ್ಲಿ ಇಲ್ಲ. ಹಳದಿಯಲ್ಲಿ ಒಬ್ಬರಿಗೆ ಒಂದು ದಾರ, ಒಂದು ಕೊಕ್ಕೆ. ಗುಲಾಬಿಯಲ್ಲಿ ಅನುಮತಿಯಿಲ್ಲದೆ ಕಾಲಿಡುವಂತೆಯೇ ಇಲ್ಲ.